ಎರಡು ಗುಡ್ಡ ಹುಡುಕಿಕೊಂಡು ಆರು ದಿನ

ನಮ್ಮ ಕಡೆ ಯಾವ ಹುಡುಗನ ಕೈಗೆ ಪೆನ್ಸಿಲ್ ಕೊಟ್ಟು ‘ಒಂದು ಸೀನರಿ ಬರಿಯಪ್ಪ’ ಅಂದರೂ ಬರುವುದು ಒಂದೇ ಚಿತ್ರ. ಎರಡು ಗುಡ್ಡ. ನಡುವೆ ಅರ್ಧ ಮೂಡಿದ ಸೂರ್ಯ. ಅಲ್ಲಿಂದ ಇಳಿದು ಬರುವ ಹೊಳೆ, ದಂಡೆಗೊಂದು ಗುಡಿಸಲು, ಒಂದು ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಗಂಗಾವತಿ ಹತ್ತಿರದ ಹೈಸ್ಕೂಲೊಂದರಲ್ಲಿ 31 ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದವನು ನಾನು. ಈ ಚಿತ್ರವನ್ನು ಎಷ್ಟು ಸಾವಿರ ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಹೋದ ವರ್ಷ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮಾರ್ಚ್ ತಿಂಗಳು. ಹೊರಗೆ ಚಳಿ, ಮನೆಯೊಳಗೆ ಮಾಡಲು ಕೆಲಸವಿಲ್ಲ. ಅಪ್ಪನಿಗೆ ಬೇಜಾರಾಗಬಾರದು ಅಂತ ಮಗಳು ಹಳೇ ಸಾಮಾನಿನ ಅಂಗಡಿಯಿಂದ 3 ಪೌಂಡ್ ಕೊಟ್ಟು ಒಂದು ಚಿತ್ರಗಳ ಪುಸ್ತಕ ತಂದಳು. ಪುಟ ತಿರುವುತ್ತಾ ಹೋದವನ ಕೈ ಒಂದು ಕಡೆ ನಿಂತುಬಿಟ್ಟಿತು. ಎರಡು ಗುಡ್ಡ! ಎರಡರ ನೆತ್ತಿಯ ಮೇಲೂ ಮರಗಳ ಗುಂಪು. ಆಕಾಶದ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಚಂದ್ರ. ನಮ್ಮ ಮಕ್ಕಳು ಬರೆಯುವ ಸೀನರಿಯೇ. ಆದರೆ ಅದನ್ನು ನೋಡುತ್ತಿದ್ದರೆ ಎದೆಯೊಳಗೆ ಏನೋ ಸರಿದಾಡಿದ ಹಾಗಾಯಿತು.

ಬರೆದವರು ಪಾಲ್ ನ್ಯಾಶ್. 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡವರು. ಹೊಲ, ಗಿಡ, ದಿಬ್ಬ, ಸಾವಿರಾರು ವರ್ಷ ಹಳೆಯ ಕಲ್ಲುಗಳು, ಇವೇ ಅವರ ಚಿತ್ರಗಳ ತುಂಬ. ಆ ಎರಡು ಗುಡ್ಡಗಳಿಗೆ ವಿಟನ್‌ಹ್ಯಾಮ್ ಕ್ಲಂಪ್ಸ್ ಅಂತ ಹೆಸರು. 1912ರಲ್ಲಿ, ಇನ್ನೂ ಇಪ್ಪತ್ಮೂರರ ಹುಡುಗನಾಗಿದ್ದಾಗ ಅವರು ಅವನ್ನು ಬರೆದಿದ್ದಾರೆ. 1944ರಲ್ಲೂ ಬರೆದಿದ್ದಾರೆ. ನಡುವೆ ಒಂದು ಮಹಾಯುದ್ಧ ಬಂದುಹೋಗಿ, ಇನ್ನೊಂದು ನಡೆಯುತ್ತಿತ್ತು. ಗುಡ್ಡ ಮಾತ್ರ ಅವೇ.

‘ಇವು ಇಲ್ಲಿಂದ ಎಷ್ಟು ದೂರ ಅದಾವ?’ ಅಂದೆ. ಮಗಳು ಫೋನ್ ನೋಡಿ ಅಂದಳು: ‘ಕಾರಿನಾಗ ಒಂದು ತಾಸಿನ ದಾರಿ ಅಷ್ಟ, ಅಪ್ಪ.’

ಅವತ್ತೇ ನಿರ್ಧಾರವಾಯಿತು. ಆದರೆ ನೇರ ಗುಡ್ಡಕ್ಕೆ ಹೋಗುವುದು ಬೇಡ, ಅವರ ಚಿತ್ರಗಳ ಹಿಂದೆ ಒಂದೊಂದೇ ಹೆಜ್ಜೆ ಇಡುತ್ತಾ ಹೋಗೋಣ, ಗುಡ್ಡ ಕೊನೆಗಿರಲಿ ಅಂದೆ. ಅಳಿಯ ರಜೆ ಹಾಕಿದರು.

ಮೊದಲನೇ ದಿನ: ಲಂಡನ್

ಸ್ವಿಂಡನ್‌ನಿಂದ ಪ್ಯಾಡಿಂಗ್ಟನ್‌ಗೆ ರೈಲಿನಲ್ಲಿ ಹೆಚ್ಚೂಕಡಿಮೆ ಒಂದು ತಾಸು. ಮೊದಲು ಹೋದದ್ದು ಇಂಪೀರಿಯಲ್ ವಾರ್ ಮ್ಯೂಸಿಯಂಗೆ. ಹೊಲ ಗುಡ್ಡ ಬರೆಯುವವನ ಚಿತ್ರ ನೋಡಲು ಯುದ್ಧದ ಮ್ಯೂಸಿಯಂ ಯಾಕೆ ಅಂತ ಮೊಮ್ಮಗಳು ಕೇಳಿದಳು. ಒಂಬತ್ತು ವರ್ಷದವಳು, ಸರಿಯಾಗೇ ಕೇಳಿದ್ದಳು.

ಮೊದಲ ಮಹಾಯುದ್ಧದಲ್ಲಿ ನ್ಯಾಶ್ ಸೈನ್ಯದಲ್ಲಿದ್ದರು. 1917ರ ಮೇ ತಿಂಗಳಲ್ಲಿ ಬೆಲ್ಜಿಯಂನ ಈಪ್ರ್ ಹತ್ತಿರ ಕತ್ತಲಲ್ಲಿ ಕಂದಕಕ್ಕೆ ಬಿದ್ದು ಪಕ್ಕೆಲುಬು ಮುರಿದುಕೊಂಡರು. ಊರಿಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಅವರ ದಳದ ಎಷ್ಟೋ ಜನ ಒಂದು ದಾಳಿಯಲ್ಲಿ ಸತ್ತರು. ಅದೇ ವರ್ಷ ಚಳಿಗಾಲಕ್ಕೆ ಅವರನ್ನು ಸರ್ಕಾರಿ ಚಿತ್ರಕಾರರಾಗಿ ಮತ್ತೆ ಅಲ್ಲಿಗೇ ಕಳಿಸಿದರು. ಹೆಂಡತಿ ಮಾರ್ಗರೆಟ್‌ಗೆ ಬರೆದ ಕಾಗದದಲ್ಲಿ ಹೇಳುತ್ತಾರೆ: ನಾನೀಗ ಬರೀ ಕುತೂಹಲದ ಕಲಾವಿದ ಅಲ್ಲ, ಇಲ್ಲಿ ಹೊಡೆದಾಡುತ್ತಿರುವವರಿಂದ, ಯುದ್ಧ ಮುಗಿಯಬಾರದು ಅನ್ನುವವರಿಗೆ ಸುದ್ದಿ ಒಯ್ಯುವವನು.

1918ರ ಆ ಚಿತ್ರದ ಹೆಸರು ‘ನಾವೊಂದು ಹೊಸ ಲೋಕ ಕಟ್ಟುತ್ತಿದ್ದೇವೆ’. ಅಗಲ ಒಂದು ಮೀಟರೂ ಇಲ್ಲ. ಕೆಂಪು ಮೋಡಗಳ ಸಾಲು, ಅದರ ಮೇಲೆ ಬಿಳಿ ಸೂರ್ಯ, ಕಿರಣಗಳು. ಕೆಳಗೆ ಗುಂಡು ಬಿದ್ದು ಅಲೆಅಲೆಯಾಗಿ ಎದ್ದ ಮಣ್ಣು. ಎಲೆ, ಟೊಂಗೆ ಏನೂ ಇಲ್ಲದ ಗಿಡದ ಬೊಡ್ಡೆಗಳು. ಒಂದು ಮನುಷ್ಯನೂ ಇಲ್ಲ, ಒಂದು ಹೆಣವೂ ಇಲ್ಲ. ನಾನು ಅದರ ಮುಂದೆ ಬಹಳ ಹೊತ್ತು ನಿಂತೆ. ಬೆಳಗ್ಗೆ ಮೂಡುವ ಸೂರ್ಯ, ಮಣ್ಣು, ಮರ. ಹೊಲ ಬರೆಯಲು ಕಲಿತವನು ಹೊಲ ಬರೆಯುವ ರೀತಿಯಲ್ಲೇ ಯುದ್ಧ ಬರೆದಿದ್ದ. ಸತ್ತವರನ್ನು ತೋರಿಸದೆ ಸತ್ತ ನೆಲ ತೋರಿಸಿದ್ದ. ಇದಕ್ಕಿಂತ ಜಾಸ್ತಿ ಏನು ಹೇಳಬೇಕು, ಅಲ್ವಾ?

ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿ ಟೇಟ್ ಬ್ರಿಟನ್ ಅನ್ನುವ ಚಿತ್ರಗಳ ಗ್ಯಾಲರಿಗೆ ನಡೆದುಕೊಂಡು ಹೋದೆವು. ಥೇಮ್ಸ್ ನದಿ ಕಂದು ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಟೇಟ್‌ನಲ್ಲಿ ನಾನು ನೋಡಬೇಕು ಅಂದುಕೊಂಡಿದ್ದ ಕಲ್ಲುಗಳ ಚಿತ್ರ ಅವತ್ತು ಗೋಡೆಯ ಮೇಲೆ ಇರಲಿಲ್ಲ. ಇರುವ ಚಿತ್ರಗಳನ್ನೆಲ್ಲ ಒಂದೇ ಸಲ ತೂಗು ಹಾಕಲು ಜಾಗವಿರುವುದಿಲ್ಲ, ತಿರುಗಿಸಿ ತಿರುಗಿಸಿ ಇಡುತ್ತಾರೆ. ಸಿಕ್ಕಿದ್ದು ‘ಟೋಟೆಸ್ ಮೇರ್’. ಜರ್ಮನ್ ಭಾಷೆಯಲ್ಲಿ ಸತ್ತ ಸಮುದ್ರ ಅಂತ ಅರ್ಥ. ಎರಡನೇ ಮಹಾಯುದ್ಧದಲ್ಲಿ ಬಿದ್ದ ಜರ್ಮನ್ ವಿಮಾನಗಳ ತುಂಡುಗಳನ್ನು ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ ರಾಶಿ ಹಾಕಿದ್ದರಂತೆ. ನ್ಯಾಶ್ ಅಲ್ಲಿಗೆ ಹೋಗಿ ಫೋಟೋ ತೆಗೆದು ತಂದು, 1940–41ರಲ್ಲಿ ಇದನ್ನು ಬರೆದರು. ರೆಕ್ಕೆಗಳೇ ಅಲೆಗಳು. ದಂಡೆಗೆ ಬಂದು ಬಡಿದು ಅಲ್ಲೇ ಹೆಪ್ಪುಗಟ್ಟಿದ ಅಲೆಗಳು. ಮೇಲೆ ಚಂದ್ರ. ದೂರದಲ್ಲಿ ಒಂದು ಗೂಬೆ ಹಾರುತ್ತಿದೆ. ಮೊದಲು ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಮೊಮ್ಮಗಳು ತೋರಿಸಿದಳು. ಇಡೀ ಚಿತ್ರದಲ್ಲಿ ಜೀವ ಇರುವುದು ಅದೊಂದಕ್ಕೇ.

ಎರಡನೇ ದಿನ: ಏವ್‌ಬರಿ

ನ್ಯಾಶ್ ಏವ್‌ಬರಿಗೆ ಬಂದದ್ದು 1933ರ ಬೇಸಿಗೆಯಲ್ಲಿ. ಆಗಲೇ ಆರೋಗ್ಯ ಸರಿ ಇರಲಿಲ್ಲ, ಉಬ್ಬಸ ಕಾಡುತ್ತಿತ್ತು. ಪಕ್ಕದ ಮಾರ್ಲ್‌ಬರೊದಲ್ಲಿ ಉಳಿದುಕೊಂಡು ಈ ಊರಿನ ಸಾವಿರಾರು ವರ್ಷ ಹಳೆಯ ಕಲ್ಲುಗಳನ್ನು ನೋಡಿದರು. ಮುಂದಿನ ಐದಾರು ವರ್ಷ ಇವು ಅವರನ್ನು ಬಿಡಲಿಲ್ಲ.

ನಾವು ಸ್ವಿಂಡನ್‌ನಿಂದ ಬಸ್ಸಿನಲ್ಲಿ ಹೋದೆವು. ಅರ್ಧ ಮುಕ್ಕಾಲು ತಾಸು. ಬಸ್ ಊರೊಳಗೆ ಹೋಗುವುದೇ ಕಲ್ಲುಗಳ ನಡುವೆ! ಸ್ಟೋನ್‌ಹೆಂಜ್ ಹಾಗೆ ಬೇಲಿ ಹಾಕಿ ದೂರದಿಂದ ತೋರಿಸುವ ಜಾಗ ಅಲ್ಲ ಇದು. ಸುಮಾರು 4,500 ವರ್ಷದ ಹಿಂದೆ ಎಬ್ಬಿಸಿದ ಕಲ್ಲಿನ ವೃತ್ತ. ಅದರೊಳಗೆ ಮನೆಗಳಿವೆ, ರಸ್ತೆ ಇದೆ, ಒಂದು ಪಬ್ ಇದೆ, ಕುರಿ ಮೇಯುತ್ತವೆ. ವೃತ್ತದ ಅಡ್ಡಳತೆ ಸುಮಾರು 330 ಮೀಟರ್. ಸುತ್ತ ದೊಡ್ಡ ಮಣ್ಣಿನ ಏರಿ, ಒಳಗೆ ಕಂದಕ. ಕಂದಕ ಮೊದಲು ಇನ್ನೂ ಆಳವಿತ್ತು, 9 ಮೀಟರಿನಷ್ಟು. ಅಷ್ಟನ್ನೂ ಜಿಂಕೆ ಕೊಂಬಿನಿಂದ ಅಗೆದಿದ್ದಾರೆ. ಹಾರೆ ಇಲ್ಲ, ಗುದ್ದಲಿ ಇಲ್ಲ. ಅದನ್ನು ಕೇಳಿದ ಮೇಲೆ ಏರಿ ಹತ್ತುವಾಗ ನನ್ನ ಮಂಡಿ ನೋವಿನ ಬಗ್ಗೆ ನಾನು ಮಾತೆತ್ತಲಿಲ್ಲ.

ಒಂದು ಕಲ್ಲಿನ ಹತ್ತಿರ ಹೋಗಿ ಕೈಯಿಟ್ಟೆ. ಇಲ್ಲಿ ಮುಟ್ಟಬಹುದು, ಯಾರೂ ಬೇಡ ಅನ್ನುವುದಿಲ್ಲ. ಸಾರ್ಸೆನ್ ಅನ್ನುವ ಗಟ್ಟಿ ಮರಳುಗಲ್ಲು. ನಮ್ಮ ಬಂಡೆ ಬಿಸಿಲಿಗೆ ಕಾದು ಮುಟ್ಟಿದರೆ ಚುರ್ ಅನ್ನುತ್ತದೆ. ಇದು ತಣ್ಣಗಿತ್ತು, ಸ್ವಲ್ಪ ಒದ್ದೆ. ಮೈ ತುಂಬ ಬೆರಳು ಹೋಗುವಷ್ಟು ತೂತುಗಳು. ಕಲ್ಲು ಗಟ್ಟಿಯಾಗುವ ಮೊದಲು ಅದರೊಳಗೆ ಇಳಿದಿದ್ದ ಬೇರುಗಳ ದಾರಿ ಅವು. ಒಂದು ತೂತಿನಲ್ಲಿ ಕುರಿಯ ಉಣ್ಣೆ ಸಿಕ್ಕಿಕೊಂಡಿತ್ತು. ಕಲ್ಲುಹೂವು ಒಂದು ಕಡೆ ಬೂದಿ ಬಣ್ಣ, ಇನ್ನೊಂದು ಕಡೆ ಅರಿಶಿನ ಹಚ್ಚಿದ ಹಾಗೆ ಹಳದಿ. ದೂರದಿಂದ ನೋಡಿದರೆ ಬರೀ ಬೂದು ಕಲ್ಲು. ಹತ್ತಿರ ನಿಂತು ಬಣ್ಣ ಕಲಸಬೇಕು ಅಂದರೆ ಏಳೆಂಟು ಬಣ್ಣವಾದರೂ ಬೇಕು.

ಆಗ ನನಗೆ ನಮ್ಮ ಹಿರೇಬೆಣಕಲ್ ನೆನಪಾಯಿತು. ಆಗದೆ ಇರಲು ಸಾಧ್ಯವೇ ಇಲ್ಲ. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಚೆ, ಗುಡ್ಡ ಹತ್ತಿ ಹೋದರೆ ಸುಮಾರು 400 ಶಿಲಾ ಸಮಾಧಿಗಳಿವೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳ ಹಾಗೆ. ಕೆಲವಕ್ಕೆ ದುಂಡನೆಯ ಕಿಂಡಿ. ಎರಡು ಸಾವಿರ ವರ್ಷಕ್ಕೂ ಹಳೆಯವು. ಊರವರು ಮೋರೇರ ಗುಡ್ಡ ಅನ್ನುತ್ತಾರೆ, ಕುಳ್ಳ ಜನ ಕಟ್ಟಿಕೊಂಡಿದ್ದ ಮನೆ ಅಂತ ಕಥೆ ಹೇಳುತ್ತಾರೆ. ಬಡಿದರೆ ನಗಾರಿಯ ಹಾಗೆ ದನಿ ಕೊಡುವ ದೊಡ್ಡ ಕಲ್ಲೂ ಅಲ್ಲಿದೆ. ವರ್ಷಕ್ಕೊಮ್ಮೆ ಒಂಬತ್ತನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆವು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದು, ನಗಾರಿ ಬಡಿದು, ಇಳಿದು ಬರುತ್ತಿದ್ದೆವು. ಅಲ್ಲಿ ಕೂತು ಒಂದು ಚಿತ್ರ ಬರೆಯಿರಿ ಅಂತ ನಾನು ಒಬ್ಬ ಹುಡುಗನಿಗೂ ಹೇಳಲಿಲ್ಲ. ನಾನೂ ಬರೆಯಲಿಲ್ಲ. ಏವ್‌ಬರಿಯ ಕಲ್ಲಿನ ಮೇಲೆ ಕೈಯಿಟ್ಟು ನಿಂತಾಗ ಇದು ನನ್ನನ್ನು ತುಂಬ ಕಾಡಿತು.

ಇಲ್ಲಿನ ಕಲ್ಲುಗಳಿಗೆ ಕಷ್ಟ ಕಡಿಮೆ ಬಂದಿಲ್ಲ. 1720ರ ದಶಕದಲ್ಲಿ ವಿಲಿಯಂ ಸ್ಟೂಕ್ಲಿ ಅನ್ನುವವರು ಬಂದು ಕಣ್ಣಾರೆ ನೋಡಿ ಚಿತ್ರ ಬರೆದಿಟ್ಟಿದ್ದಾರೆ: ಮನೆ ಕಟ್ಟಲು ಊರವರು ಕಲ್ಲನ್ನು ಗುಂಡಿಗೆ ಕೆಡವಿ, ಕೆಳಗೆ ಹುಲ್ಲು ಹಾಕಿ ಬೆಂಕಿ ಹಚ್ಚಿ, ಕಾದ ಮೇಲೆ ಗೆರೆ ಎಳೆದ ಹಾಗೆ ತಣ್ಣೀರು ಸುರಿದು ಸುತ್ತಿಗೆಯಿಂದ ಒಡೆಯುತ್ತಿದ್ದರು. ಓದುತ್ತಿದ್ದಾಗ ನಮ್ಮ ಕ್ವಾರಿಗಳು ಕಣ್ಮುಂದೆ ಬಂದವು. ಬಂಡೆಯ ಮೇಲೆ ಬೆಂಕಿ ಹಾಕಿ ಪದರ ಎಬ್ಬಿಸುವ ಕೆಲಸ ನಮ್ಮಲ್ಲೂ ಹಳೆಯದೇ. ಎಷ್ಟು ದೂರದ ಎರಡು ನೆಲ, ಕಲ್ಲಿನ ಜೊತೆ ಕೈ ಮಾಡುವ ಕೆಲಸ ಒಂದೇ.

1934ರಿಂದ ಅಲೆಕ್ಸಾಂಡರ್ ಕೀಲರ್ ಅನ್ನುವ ಶ್ರೀಮಂತರು ಇಲ್ಲಿ ಅಗೆಸಿ, ಬಿದ್ದ ಕಲ್ಲುಗಳನ್ನು ಎಬ್ಬಿಸಿ ನಿಲ್ಲಿಸಿದರು. ಕಲ್ಲು ಇಲ್ಲದ ಕಡೆ ಕಾಂಕ್ರೀಟ್ ಗುರುತು ಇಟ್ಟರು. ನ್ಯಾಶ್ ನೋಡಿದ್ದು ಅದಕ್ಕೂ ಮೊದಲು. ಹುಲ್ಲಿನಲ್ಲಿ ಅರ್ಧ ಮುಳುಗಿ, ಬೇಲಿಯ ಪಕ್ಕ, ಪೈರಿನ ನಡುವೆ ಒರಗಿದ್ದ ಕಲ್ಲುಗಳು. ನಿಲ್ಲಿಸಿ ಸಾಲು ಸರಿಪಡಿಸಿದ ಮೇಲೆ ಮೊದಲಿನ ಆ ಮಾಯೆ ಹೋಯಿತು ಅನ್ನುವುದು ಅವರ ಅನಿಸಿಕೆ. ಕೀಲರ್ ಮಾಡಿದ ಕೆಲಸದಿಂದಲೇ ನನ್ನಂಥವನಿಗೆ ಇಲ್ಲಿ ಏನಿತ್ತು ಅಂತ ತಿಳಿಯುವುದು. ಆದರೂ ನ್ಯಾಶ್ ಮಾತು ನನಗೆ ಅರ್ಥವಾಗುತ್ತದೆ. ಹಿರೇಬೆಣಕಲ್ಲಿನಲ್ಲಿ ಗಿಡಗಂಟಿಯ ನಡುವೆ ತಲೆ ಎತ್ತುವ ಚಪ್ಪಡಿ ಕೊಡುವ ಬೆರಗೇ ಬೇರೆ.

ಮಧ್ಯಾಹ್ನ ಕಲ್ಲಿನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಕೂತು ಪುಸ್ತಕ ತೆಗೆದೆ. ಟೇಟ್‌ನಲ್ಲಿ ಸಿಗದ ಚಿತ್ರ ಅದರಲ್ಲಿತ್ತು, 1935ರದ್ದು. ‘ಮಹಾಶಿಲೆಗಳಿಗೆ ಸಮನಾದವು’ ಅನ್ನಬಹುದು ಅದರ ಹೆಸರನ್ನು. ತಮಾಷೆ ಏನೆಂದರೆ ಅದರಲ್ಲಿ ಕಲ್ಲೇ ಇಲ್ಲ! ಹೊಲದಲ್ಲಿ ದುಂಡು ಕಂಬದ ಹಾಗಿನ ಆಕಾರಗಳು, ಒಂದು ಜಾಲರಿ, ಹಿಂದೆ ಮೆಟ್ಟಿಲು ಮೆಟ್ಟಿಲಾದ ಹಳೇ ಕೋಟೆ ಗುಡ್ಡ. ಮನೆಯಲ್ಲಿ ನೋಡಿದಾಗ ತಲೆಬುಡ ತಿಳಿದಿರಲಿಲ್ಲ. ಇಲ್ಲಿ ಕೂತು ನೋಡಿದಾಗ ಗೊತ್ತಾಯಿತು. ಈ ಕಲ್ಲು ಯಾರು ನಿಲ್ಲಿಸಿದರು, ಯಾವ ಪೂಜೆ ಮಾಡಿದರು ಅನ್ನುವ ಕಥೆ ಅವರಿಗೆ ಬೇಕಿರಲಿಲ್ಲ. ಬಯಲಲ್ಲಿ ಏನೋ ಒಂದು ಸುಮ್ನೆ ನಿಂತಿರುತ್ತದಲ್ಲ, ಆ ನಿಲುವು ಬೇಕಿತ್ತು. ಕಲ್ಲು ಬರೆದರೆ ನೋಡುವವನು ಇತಿಹಾಸ ಯೋಚಿಸುತ್ತಾನೆ. ಅದಕ್ಕೇ ಕಲ್ಲನ್ನೇ ತೆಗೆದು ನಿಲುವನ್ನು ಉಳಿಸಿಕೊಂಡರು.

ಇನ್ನೊಂದು ಚಿತ್ರದಲ್ಲಿ ಕಲ್ಲುಗಳ ಮುಂದೆ ಹಾವೊಂದಿದೆ, ಬಳ್ಳಿಯೊಂದು ಹೂಬಿಟ್ಟಿದೆ. ಏವ್‌ಬರಿಯ ಕಲ್ಲಿನ ಸಾಲುಗಳು ಸೇರಿ ಒಂದು ಹಾವಿನ ಆಕಾರ ಆಗುತ್ತದೆ ಅಂತ ಸ್ಟೂಕ್ಲಿ ನಂಬಿದ್ದರು, ಅದರ ನೆನಪು ಅದು. ಮೊಮ್ಮಗಳಿಗೆ ತೋರಿಸಿದೆ. ‘ಊರಲ್ಲಿ ಅಶ್ವತ್ಥ ಕಟ್ಟೆ ಮೇಲೆ ಇದೆಯಲ್ಲ ಅಜ್ಜ, ಹಾವಿನ ಕಲ್ಲು?’ ಅಂದಳು. ನಾಗರಕಲ್ಲು ಅವಳ ನೆನಪಲ್ಲಿ ಉಳಿದಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮೂರನೇ ದಿನ: ಅಫಿಂಗ್ಟನ್ನಿನ ಬಿಳಿ ಕುದುರೆ

ಸ್ವಿಂಡನ್‌ನಿಂದ ಕಾರಿನಲ್ಲಿ ಅರ್ಧ ತಾಸು. ಹುಲ್ಲುಗುಡ್ಡದ ಮೈಮೇಲೆ 110 ಮೀಟರ್ ಉದ್ದದ ಕುದುರೆ. ಹುಲ್ಲು ಕೆತ್ತಿ, ಕಾಲುವೆ ತೋಡಿ, ಅದರೊಳಗೆ ಬಿಳಿ ಸುಣ್ಣಮಣ್ಣು ತುಂಬಿ ಮಾಡಿದ್ದು. ಸುಮಾರು 3,000 ವರ್ಷದ್ದು ಅಂತ ಮಣ್ಣಿನ ಪರೀಕ್ಷೆಯಿಂದ ತಿಳಿದಿದೆ. ಕುದುರೆ ಅಂದರೆ ನಾಲ್ಕು ಕಾಲು, ಹೊಟ್ಟೆ, ಬಾಲ ಅಂತಲ್ಲ. ಬ್ರಷ್‌ನಿಂದ ನಾಲ್ಕೇ ಸಲ ಎಳೆದ ಹಾಗೆ. ಒಂದು ಗೆರೆಯೂ ಹೆಚ್ಚಿಲ್ಲ. ಇದನ್ನು ಬರೆದ ಕೈ ಯಾವುದೋ, ಅದಕ್ಕೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಕುದುರೆಯ ಪಕ್ಕದಲ್ಲೇ ನಿಂತರೆ ಕುದುರೆ ಕಾಣುವುದಿಲ್ಲ. ‘ಅಜ್ಜ, ಇದು ಬರೀ ರಸ್ತೆ ತರ ಇದೆ’ ಅಂದಳು ಮೊಮ್ಮಗಳು. ನ್ಯಾಶ್ 1937ರ ಸುಮಾರಿಗೆ ಇಲ್ಲಿಗೆ ಬಂದು ತೆಗೆದ ಫೋಟೋಗಳೂ ಹಾಗೇ ಇವೆ. 1931ರಲ್ಲಿ ಅಮೆರಿಕಕ್ಕೆ ಹೊರಡುವ ಮುಂಚೆ ಹೆಂಡತಿ ಕೊಡಿಸಿದ ಪುಟ್ಟ ಕೊಡಕ್ ಕ್ಯಾಮೆರಾ ಅವರ ಜೊತೆ ಕೊನೆತನಕ ಇತ್ತು. ಇಡೀ ಕುದುರೆ ತೋರಿಸಬೇಕು ಅನ್ನುವ ಹಟ ಅವರಿಗಿಲ್ಲ. ಹುಲ್ಲಿನ ಮೇಲೆ ಹೊರಳುವ ಬಿಳಿ ಪಟ್ಟಿ, ಹಿಂದೆ ಆಕಾಶ, ಅಷ್ಟೇ.

ದಾರಿಯಲ್ಲಿ ಬಿದ್ದಿದ್ದ ಒಂದು ಬಿಳಿ ತುಂಡು ಎತ್ತಿಕೊಂಡು ಬೆರಳಿನಿಂದ ತಿಕ್ಕಿದೆ. ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಕೂತಿತು. ಸೀಮೆಸುಣ್ಣ! 31 ವರ್ಷ ನನ್ನ ಕೈಗೆ, ಅಂಗಿಗೆ, ಮೂಗಿಗೆ ಅಂಟಿಕೊಂಡಿದ್ದದ್ದು. ಈಗ ಶಾಲೆಯ ಬಳಪವನ್ನು ಜಿಪ್ಸಮ್‌ನಿಂದ ಮಾಡುತ್ತಾರೆ, ಆದರೆ ಮೂಲದ ಸುಣ್ಣ ಇದೇ. ಸೀಮೆ ಅಂದರೆ ಹೊರದೇಶ. ಆ ಸೀಮೆಯ ನೆಲದಲ್ಲೇ ಈಗ ನಿಂತಿದ್ದೆ. ಆ ತುಂಡನ್ನು ಮತ್ತೆ ಅಲ್ಲೇ ಇಟ್ಟೆ. ಒಬ್ಬೊಬ್ಬರು ಒಂದೊಂದು ಒಯ್ದರೆ ಕುದುರೆ ಉಳಿಯುವುದು ಹೇಗೆ?

ಉಳಿದಿರುವುದೇ ಒಂದು ಕಥೆ. ನಾಲ್ಕಾರು ವರ್ಷ ಹಾಗೇ ಬಿಟ್ಟರೂ ಹುಲ್ಲು ನುಗ್ಗಿ ಗೆರೆ ಸಣ್ಣಗಾಗುತ್ತದೆ. ಈಗಲೂ ಬೇಸಿಗೆಯಲ್ಲಿ ಜನ ಬಂದು ಮಂಡಿಯೂರಿ ಕೂತು, ಸುತ್ತಿಗೆಯಿಂದ ಹೊಸ ಸುಣ್ಣ ಬಡಿದು ಹೋಗುತ್ತಾರೆ. ಇಷ್ಟು ಸಾವಿರ ವರ್ಷ ಯಾರೋ ಒಬ್ಬರಾದರೂ ಬಂದಿದ್ದಾರೆ. ಇಲ್ಲದಿದ್ದರೆ ಕುದುರೆ ಎಂದೋ ಹುಲ್ಲಾಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಮಾತ್ರ, ಮೇಲಿಂದ ಹಾರುವ ಜರ್ಮನ್ ವಿಮಾನಗಳಿಗೆ ಗುರುತು ಸಿಗಬಾರದು ಅಂತ ಇದನ್ನು ಹುಲ್ಲುಹೆಂಟೆಯಿಂದ ಮುಚ್ಚಿದ್ದರು. ಯುದ್ಧ ಮುಗಿದ ಮೇಲೆ ತೆರೆದರು.

ನಾಲ್ಕನೇ ದಿನ

ಮಳೆ. ಎಲ್ಲಿಗೂ ಹೋಗಲಿಲ್ಲ. ಮಗಳು ಮಿರ್ಚಿ ಮಾಡಿದಳು. ಮಂಡಕ್ಕಿ ಒಗ್ಗರಣೆ ಜೊತೆ ತಿಂದು, ಕಿಟಕಿಯ ಪಕ್ಕ ಕೂತು ಏವ್‌ಬರಿಯ ಕಲ್ಲನ್ನು ನೆನಪಿನಿಂದ ಬರೆದೆ. ಸರಿ ಬರಲಿಲ್ಲ. ಹರಿಯದೆ ಎತ್ತಿಟ್ಟಿದ್ದೇನೆ.

ಐದನೇ ದಿನ: ಬೋರ್ಸ್ ಹಿಲ್

ನ್ಯಾಶ್ ಕೊನೆಯ ವರ್ಷಗಳಲ್ಲಿ ಆಕ್ಸ್‌ಫರ್ಡ್‌ನ ಬ್ಯಾನ್‌ಬರಿ ರಸ್ತೆಯಲ್ಲಿ ವಾಸವಿದ್ದರು. ಉಬ್ಬಸ ಜೋರಾಗಿತ್ತು. ಗುಡ್ಡ ಹತ್ತುವ ಮಾತೇ ಇಲ್ಲ. ಆಕ್ಸ್‌ಫರ್ಡ್ ಹೊರಗೆ ಬೋರ್ಸ್ ಹಿಲ್ ಅನ್ನುವ ಎತ್ತರದ ಜಾಗದಲ್ಲಿ ಗೆಳತಿಯೊಬ್ಬರ ಮನೆ ಇತ್ತು. ಅಲ್ಲಿಗೆ ಹೋದಾಗೆಲ್ಲ ಸುಮಾರು 12 ಕಿಲೋಮೀಟರ್ ದೂರದ ಕ್ಲಂಪ್ಸ್ ಕಾಣುತ್ತಿತ್ತು. ದುರ್ಬೀನು ಹಿಡಿದು ನೋಡುತ್ತಾ ಕೂರುತ್ತಿದ್ದರಂತೆ.

1943ರಲ್ಲಿ ಹೀಗೆ ಬರೆದದ್ದೇ ನನ್ನ ಕೈ ನಿಲ್ಲಿಸಿದ ಆ ಚಿತ್ರ. ಹೆಸರು ‘ವಸಂತ ವಿಷುವದ ನೋಟ’ ಅಂತಾಗುತ್ತದೆ. ಮಾರ್ಚ್ 20ರ ಸುಮಾರಿಗೆ ಹಗಲು ರಾತ್ರಿ ಸಮ ಆಗುತ್ತದಲ್ಲ, ಆ ದಿನ. ಅದಕ್ಕೇ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಚಂದ್ರ. ಅರ್ಧ ನೆಲದ ಮೇಲೆ ಬಿಸಿಲಿನ ಬಣ್ಣ, ಅರ್ಧದ ಮೇಲೆ ಬೆಳದಿಂಗಳು.

ಬೋರ್ಸ್ ಹಿಲ್‌ನಲ್ಲಿ ಜಾರ್ನ್ ಮೌಂಡ್ ಅಂತ ಒಂದು ದಿಬ್ಬ ಇದೆ. ಕ್ರೀಟ್ ದ್ವೀಪದಲ್ಲಿ ನೋಸಸ್ ಅರಮನೆಯನ್ನು ಅಗೆದು ತೆಗೆದ ಆರ್ಥರ್ ಎವಾನ್ಸ್, 1930ರ ಆಸುಪಾಸಿನಲ್ಲಿ ಕೆಲಸವಿಲ್ಲದ ಜನರಿಗೆ ಕೂಲಿ ಸಿಗಲಿ ಅಂತ ಮಣ್ಣು ಹೊರಿಸಿ ಕಟ್ಟಿಸಿದ್ದು. ಮೇಲೆ ನಿಂತರೆ ಸುತ್ತಲಿನ ಸೀಮೆ ಎಲ್ಲ ಕಾಣಲಿ ಅಂತ. ನಾನು ಮೆಟ್ಟಿಲು ಹತ್ತಿ ಮೇಲೆ ಹೋದೆ. ಸುತ್ತ ಮರಗಳು ಬೆಳೆದುಬಿಟ್ಟಿವೆ. ಎಲೆ ಉದುರಿದ ಕಾಲದಲ್ಲೂ ಟೊಂಗೆಗಳ ಆಚೆ ಬೂದು ಆಕಾಶ ಬಿಟ್ಟರೆ ಏನೂ ಕಾಣಲಿಲ್ಲ. ಅಳಿಯ ಕೆಳಗಿಂದ ಕೇಳಿದರು, ‘ಮಾವ, ಗುಡ್ಡ ಕಾಣ್ತಾ?’ ಇಲ್ಲ ಅಂದೆ. ಬೇಜಾರಾಯಿತು.

ಆದರೆ ದಿಕ್ಕು ತಿಳಿದದ್ದು ಅಲ್ಲೇ. ಅಳಿಯ ಫೋನಿನಲ್ಲಿ ದಿಕ್ಸೂಚಿ ಹಾಕಿ ತೋರಿಸಿದರು. ಕ್ಲಂಪ್ಸ್ ಇರುವುದು ಇಲ್ಲಿಂದ ಆಗ್ನೇಯಕ್ಕೆ. ಸಂಜೆ ಸೂರ್ಯ ಮುಳುಗುವುದು ಪಶ್ಚಿಮಕ್ಕೆ, ಅಂದರೆ ನೋಡುವವನ ಬೆನ್ನ ಹಿಂದೆ ಬಲಕ್ಕೆ. ಮೂಡುವ ಚಂದ್ರ ಎಡಕ್ಕೆ, ಪೂರ್ವದಲ್ಲಿ. ಎರಡೂ ಒಟ್ಟಿಗೆ ಆ ಗುಡ್ಡಗಳ ಮೇಲೆ ಕಾಣುವುದು ಸಾಧ್ಯವೇ ಇಲ್ಲ. ನ್ಯಾಶ್‌ಗೆ ಅದು ಗೊತ್ತಿರಲಿಲ್ಲ ಅನ್ನಲು ಆಗುತ್ತದೆಯೇ? ವರ್ಷಗಟ್ಟಲೆ ಅಲ್ಲಿ ಕೂತು ನೋಡಿದ ಮನುಷ್ಯ. ಬೆನ್ನ ಹಿಂದಿದ್ದ ಸೂರ್ಯನನ್ನು ತಂದು ಗುಡ್ಡದ ಮೇಲೆ ಇಟ್ಟರು. ಅವರಿಗೆ ಅದು ಅಲ್ಲಿ ಬೇಕಿತ್ತು.

ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು, ದೂರದ ಗುಡ್ಡ ತಿಳಿಯಾಗಿ, ನೀಲಿಯಾಗಿ ಬರಬೇಕು ಅಂತ. ಲೋಯರ್ ಗ್ರೇಡ್ ಪರೀಕ್ಷೆಯಲ್ಲಿ ಅದಕ್ಕೇ ಮಾರ್ಕು. ನ್ಯಾಶ್ ಕೊನೆಯ ಚಿತ್ರಗಳಲ್ಲಿ ದೂರದ ಗುಡ್ಡ ಹತ್ತಿರದ ಗಿಡದಷ್ಟೇ ಗಟ್ಟಿಯಾಗಿ ಬಂದು ನಿಲ್ಲುತ್ತದೆ. ದುರ್ಬೀನಿನಲ್ಲಿ ನೋಡಿದರೆ ನಡುವಿನ ದೂರ ಮಡಚಿಕೊಳ್ಳುತ್ತದಲ್ಲ, ಹಾಗೆ. ಹತ್ತಲು ಆಗದವನಿಗೆ ಗುಡ್ಡ ಹತ್ತಿರವೇ ಬಂದಿತ್ತು.

ಆರನೇ ದಿನ: ವಿಟನ್‌ಹ್ಯಾಮ್ ಕ್ಲಂಪ್ಸ್

ಮಾರ್ಚ್ 20. ಬೇಕೆಂದೇ ಈ ದಿನ ಇಟ್ಟುಕೊಂಡಿದ್ದೆ.

ನಮ್ಮ ಕಡೆಯವರು ನೋಡಿದರೆ ಇದನ್ನು ಗುಡ್ಡ ಅನ್ನಲಿಕ್ಕಿಲ್ಲ, ದಿಬ್ಬ ಅಂದಾರು. ಸಮುದ್ರಮಟ್ಟದಿಂದ 120 ಮೀಟರ್ ಇದ್ದರೆ ಹೆಚ್ಚು. ಬಂಡೆ ಇಲ್ಲ, ಮುಳ್ಳುಕಂಟಿ ಇಲ್ಲ, ಮೆತ್ತನೆಯ ಹುಲ್ಲು. ಒಂದಕ್ಕೆ ರೌಂಡ್ ಹಿಲ್, ಇನ್ನೊಂದಕ್ಕೆ ಕ್ಯಾಸಲ್ ಹಿಲ್. ಕ್ಯಾಸಲ್ ಹಿಲ್ ಸುತ್ತ ಕಬ್ಬಿಣ ಯುಗದ ಕೋಟೆಯ ಕಂದಕ ಇನ್ನೂ ಸರಿಯಾಗಿ ಕಾಣುತ್ತದೆ. ನೆತ್ತಿಯ ಮೇಲಿನ ಬೀಚ್ ಮರಗಳನ್ನು ಮೊದಲು ನೆಟ್ಟದ್ದು 1740ರ ದಶಕದಲ್ಲಂತೆ. ಹುಡುಗನಾಗಿದ್ದಾಗ ಮೊದಲ ಸಲ ನೋಡಿದ ಈ ದಿಬ್ಬಗಳನ್ನು ನ್ಯಾಶ್ ತನ್ನ ಸಣ್ಣ ಪ್ರಪಂಚದ ಪಿರಮಿಡ್ಡುಗಳು ಅಂದಿದ್ದಾರೆ.

ಕ್ಯಾಸಲ್ ಹಿಲ್ ಮೇಲೆ ಒಂದು ಮರವಿತ್ತು. 1844–45ರಲ್ಲಿ ಜೋಸೆಫ್ ಟಬ್ ಅನ್ನುವವನು ಅದರ ತೊಗಟೆಯ ಮೇಲೆ ಇಡೀ ಒಂದು ಪದ್ಯ ಕೊರೆದಿದ್ದ, ಈ ಸುತ್ತಲಿನ ನೆಲದ ಹಳೇ ಕಥೆಗಳ ಬಗ್ಗೆ. ಮರ ಸತ್ತು, 2012ರಲ್ಲಿ ಬಿದ್ದುಹೋಯಿತು. ಪದ್ಯ ಬರೆದಿಟ್ಟ ಒಂದು ಕಲ್ಲು ಮಾತ್ರ ಪಕ್ಕದಲ್ಲಿದೆ. ಮೊಮ್ಮಗಳು ಓದುತ್ತಾ ನಿಂತಳು. ನಾನು ರೌಂಡ್ ಹಿಲ್ ಹತ್ತಿ ಬಂದೆ. ಕೆಳಗೆ ಥೇಮ್ಸ್ ತಿರುವಿ ತಿರುವಿ ಹರಿಯುತ್ತದೆ, ಆಚೆ ಡಾರ್ಚೆಸ್ಟರ್ ಊರಿನ ಚರ್ಚು, ಎಳೆ ಗೋಧಿಯ ಹಸಿರು ಹೊಲಗಳು. ಮೇಲೆ ಸೀಳು ಬಾಲದ ಕೆಂಪು ಗಿಡುಗಗಳು ರೆಕ್ಕೆ ಅಲ್ಲಾಡಿಸದೆ ತೇಲುತ್ತಿದ್ದವು. ಎಣಿಸಿದೆ. ನಾಲ್ಕು.

ಆದರೆ ಗುಡ್ಡದ ಮೇಲೆ ನಿಂತರೆ ಗುಡ್ಡ ಬರೆಯಲು ಆಗುವುದಿಲ್ಲ. ಸಂಜೆಗೆ ಇಳಿದು, ಸೇತುವೆ ದಾಟಿ, ಹೊಳೆಯ ಆಚೆಗೆ ಹೋದೆವು. ಹುಲ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಕೂತೆ. ಅಲ್ಲಿಂದ ಎರಡೂ ಕಾಣುತ್ತವೆ, ಪಕ್ಕ ಪಕ್ಕ, ನೆತ್ತಿಯ ಮೇಲೆ ಮರದ ಗುಂಪು ಹೊತ್ತು. ಸೂರ್ಯ ಬಲಕ್ಕೆ, ದೂರದಲ್ಲಿ ಕೆಳಗಿಳಿಯುತ್ತಿದ್ದ. ಕೈ ಚಳಿಗೆ ಮರಗಟ್ಟಿತ್ತು, ಮಗಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಲೋಟ ಹಿಡಿದು ಬೆರಳು ಬೆಚ್ಚಗೆ ಮಾಡಿಕೊಂಡು ಶುರು ಮಾಡಿದೆ.

ಈ ಮಳೆಗಾಲ ಕಳೆದ ಮೇಲೆ, ಹುಲ್ಲು ಹಸಿರಿರುವಾಗಲೇ ಮೋರೇರ ಗುಡ್ಡಕ್ಕೆ ಹೋಗಿ ಹೀಗೇ ಕೂರಬೇಕು ಅಂದೆ. ‘ಒಬ್ಬರ ಹೋಗಬ್ಯಾಡ್ರಿ, ಯಾರರ ಹುಡುಗರನ್ನ ಕರಕೊಂಡು ಹೋಗ್ರಿ’ ಅಂದಳು ಮಗಳು. ಹಳೇ ವಿದ್ಯಾರ್ಥಿಯೊಬ್ಬ ಈಗ ಅದೇ ಕಡೆ ಶಾಲೆಯಲ್ಲಿ ಮಾಸ್ತರ. ಅವನಿಗೆ ಅವತ್ತು ರಾತ್ರಿಯೇ ಫೋನ್ ಮಾಡಿದೆ, ಮಕ್ಕಳಿಗೆ ಡ್ರಾಯಿಂಗ್ ಶೀಟು, ಬಣ್ಣ ನಾನು ತರುತ್ತೇನೆ ಅಂತ ಹೇಳಿದೆ.

ಮೊಮ್ಮಗಳು ಪಕ್ಕದಲ್ಲೇ ಕೂತು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದಳು. ಬಗ್ಗಿ ನೋಡಿದೆ. ಎರಡು ಗುಡ್ಡ, ಮರದ ಗುಂಪು, ಕೆಳಗೆ ಹೊಳೆ. ಗುಡ್ಡಗಳ ನಡುವೆ ದುಂಡಗೆ ಒಂದು ಜಾಗ ಬಿಟ್ಟಿದ್ದಳು.

‘ಸೂರ್ಯ ಅಲ್ಲಿಲ್ಲ, ಈ ಕಡೆ ಅದಾನ ನೋಡು’ ಅಂದೆ.

‘ಗೊತ್ತು ಅಜ್ಜ’ ಅಂದಳು. ‘ಆದ್ರೂ ಇಲ್ಲೇ ಬೇಕು.’

ನಾನು ಹಳದಿ ಟ್ಯೂಬಿನ ಮುಚ್ಚಳ ಬಿಚ್ಚಿ ಅವಳ ಕೈಗೆ ಕೊಟ್ಟೆ.